ಮಿತಿಗಳು ಮತ್ತು ಕೆಲವು ಬೆಲೆಗಳು ಗೊತ್ತಿದ್ದಾಗ ಬಹುಪದೋಕ್ತಿಯನ್ನು ಕಂಡುಹಿಡಿಯುವ ಬಗೆ

ಪಿಯುಸಿ ಪರೀಕ್ಷೆ, ಸಿಇಟಿ, ಜೆಇಇ ತಯಾರಿಯಲ್ಲಿ ಮತ್ತೆ ಮತ್ತೆ ಎದುರಾಗುವ ಲೆಕ್ಕ ಇದು. ಪ(ಯ) ಒಂದು ಬಹುಪದೋಕ್ತಿ, ಒಂದೆರಡು ಮಿತಿ, ಒಂದೆರಡು ಬೆಲೆ ಕೊಟ್ಟಿದ್ದಾರೆ, ಪ(ಯ) ಯಾವುದು? ಬಹಳ ಮಂದಿ ಅ·ಯ³ + ಬ·ಯ² + ಕ·ಯ + ಡ ಎಂದು ಬರೆದುಕೊಂಡು ನಾಲ್ಕು ಸಮೀಕರಣ ಬಿಡಿಸಲು ಕೂರುತ್ತಾರೆ. ಉತ್ತರ ಬರುತ್ತದೆ, ಬರುವುದಿಲ್ಲ ಎಂದಲ್ಲ. ಆದರೆ ಅರ್ಧ ಪುಟ ಹಿಡಿಯುತ್ತದೆ, ನಡುವೆ ಒಂದು ಚಿಹ್ನೆ ತಪ್ಪಿದರೆ ಎಲ್ಲವೂ ಹೋಯಿತು. ಕೊಟ್ಟ ಮಾಹಿತಿಯನ್ನು ಮೊದಲೇ ಬಹುಪದೋಕ್ತಿಯ ರೂಪದೊಳಗೆ ಸೇರಿಸಿಬಿಟ್ಟರೆ ಬಿಡಿಸಲು ಉಳಿಯುವ ಅವ್ಯಕ್ತ ಒಂದೋ ಎರಡೋ ಅಷ್ಟೇ.

ಇಲ್ಲಿ ಚರಾಕ್ಷರ ಯ (ಭಾಸ್ಕರಾಚಾರ್ಯರ ಬೀಜಗಣಿತದಲ್ಲೂ ಅವ್ಯಕ್ತಕ್ಕೆ ‘ಯಾ’ ಎಂದೇ ಬರೆಯುತ್ತಿದ್ದರು), ಬಹುಪದೋಕ್ತಿ ಪ(ಯ), ಅದರ ಅವಕಲನ ಪ′(ಯ), ಭಾಗಲಬ್ಧ ಭ(ಯ), ಸಹಗುಣಕಗಳು ಅ, ಬ, ಕ, ಡ.

ಪೆನ್ನು ಎತ್ತುವ ಮುನ್ನ ಎಣಿಸಿ

ನ ಡಿಗ್ರಿಯ ಬಹುಪದೋಕ್ತಿಗೆ ನ + 1 ಸಹಗುಣಕಗಳು. ಆದ್ದರಿಂದ ಅದನ್ನು ಪೂರ್ತಿ ಗುರುತಿಸಲು ಒಂದರಿಂದೊಂದು ಹುಟ್ಟದ ನ + 1 ಷರತ್ತುಗಳು ಬೇಕು. ಡಿಗ್ರಿ 3 ಆದರೆ 4 ಷರತ್ತು. ಒಂದು ಕಡಿಮೆಯಾದರೆ ಉತ್ತರ ಒಂದಲ್ಲ, ಅನಂತ. 1979ರಲ್ಲಿ ಆದಿ ಶಮೀರ್ ಒಂದು ರಹಸ್ಯವನ್ನು ಹಲವರಿಗೆ ಹಂಚುವ ವಿಧಾನ ಕಟ್ಟಿದ್ದು ಇದೇ ಎಣಿಕೆಯ ಮೇಲೆ: ರಹಸ್ಯ ಸಂಖ್ಯೆ ಪ(0), ಪ್ರತಿಯೊಬ್ಬರ ಕೈಗೂ ಒಂದೊಂದು ಬೆಲೆ, 2 ಡಿಗ್ರಿಯ ಬಹುಪದೋಕ್ತಿ ಬಳಸಿದರೆ ಯಾವ ಮೂವರು ಸೇರಿದರೂ ರಹಸ್ಯ ಸಿಗುತ್ತದೆ, ಇಬ್ಬರು ಸೇರಿದರೆ ಏನೂ ಸಿಗುವುದಿಲ್ಲ.

ಎಣಿಸುವಾಗ ಮೋಸ ಹೋಗುವುದು ಮಿತಿಗಳ ವಿಷಯದಲ್ಲಿ. ಒಂದು ಮಿತಿ ಎಂದರೆ ಒಂದು ಷರತ್ತು ಎಂದು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದರೊಳಗೆ ಎರಡು ಇರುತ್ತವೆ, ಕೆಲವೊಮ್ಮೆ ಮೂರು. ಪ್ರಶ್ನೆಯಲ್ಲಿ ಮಾಹಿತಿ ಸಾಲದು ಅನ್ನಿಸಿದರೆ ಬಹುತೇಕ ಸಲ ಕಾರಣ ಇದೇ.

ಅನಂತದ ಮಿತಿ ದೊಡ್ಡ ಘಾತಗಳನ್ನು ಹೇಳುತ್ತದೆ

ಯ → ∞ ಆದಾಗ ಪ(ಯ)/ಯ³ ರ ಮಿತಿ 4 ಎಂದರೆ ಡಿಗ್ರಿ ನಿಖರವಾಗಿ 3, ಮೊದಲ ಸಹಗುಣಕ 4. ಡಿಗ್ರಿ ಹೆಚ್ಚಿದ್ದರೆ ಭಿನ್ನರಾಶಿ ಎಲ್ಲೆ ಮೀರಿ ಬೆಳೆಯುತ್ತಿತ್ತು, ಕಡಿಮೆ ಇದ್ದರೆ 0 ಆಗುತ್ತಿತ್ತು. ಕೆಳಗಿನ ಘಾತಗಳ ಬಗ್ಗೆ ಈ ಮಿತಿ ಏನೂ ಹೇಳುವುದಿಲ್ಲ.

ಇದರ ಮುಂದಿನ ರೂಪ: ಯ → ∞ ಆದಾಗ (ಪ(ಯ) − 2ಯ³)/(ಯ² + 1) ರ ಮಿತಿ −3. ಅಂಶದ ಡಿಗ್ರಿ 2, ಅದರ ಮೊದಲ ಸಹಗುಣಕ −3. ಅಂದರೆ

ಪ(ಯ) = 2ಯ³ − 3ಯ² + ಕ·ಯ + ಡ

ಒಂದೇ ಸಾಲಿನಲ್ಲಿ ಎರಡು ಸಹಗುಣಕ ಬಂದವು. ಛೇದದಲ್ಲಿರುವ +1 ಗೆ ಇಲ್ಲಿ ಕೆಲಸವಿಲ್ಲ. ಅನಂತದಲ್ಲಿ ಯ² ಮಾತ್ರ ಲೆಕ್ಕಕ್ಕೆ.

ಮಿತಿ 0 ಎಂದು ಕೊಟ್ಟಾಗ ಮಾತ್ರ ಹುಷಾರು. ಪ(ಯ)/ಯ² ರ ಮಿತಿ 0 ಎಂದರೆ ಡಿಗ್ರಿ 1 ಎಂದಲ್ಲ, ಹೆಚ್ಚೆಂದರೆ 1. ಪ(ಯ) ಬರೀ ಸ್ಥಿರಸಂಖ್ಯೆಯೂ ಆಗಿರಬಹುದು. ಪ(ಯ) = ಕ·ಯ + ಡ ಎಂದು ಬರೆದು ಕ ≠ 0 ಎಂದು ಸೇರಿಸಿಬಿಡುವುದು ಇಲ್ಲಿನ ಸಾಮಾನ್ಯ ತಪ್ಪು.

ಪ್ರಶ್ನೆ ಮಾಡುವವರು ಇದೇ ಮಾಹಿತಿಗೆ ಬೇರೆ ವೇಷ ಹಾಕುತ್ತಾರೆ. ಯ → 0 ಆದಾಗ ಯ³·ಪ(1/ಯ) ರ ಮಿತಿ 2 ಎಂದು ಕೊಟ್ಟರೆ 1/ಯ ಅನ್ನು ಹೊಸ ಚರಾಕ್ಷರ ಮಾಡಿಕೊಳ್ಳಿ. ಅದು ಪ(ಯ)/ಯ³ → 2 ಅಷ್ಟೇ. ಯ → ∞ ಆದಾಗ (ಪ(ಯ + 1) − ಪ(ಯ))/ಯ² ರ ಮಿತಿ 6 ಎಂದು ಕೊಟ್ಟರೆ, ಒಂದು ಹೆಜ್ಜೆಯ ವ್ಯತ್ಯಾಸ ತೆಗೆದಾಗ ಡಿಗ್ರಿ ಒಂದು ಇಳಿಯುತ್ತದೆ, ಮೊದಲ ಸಹಗುಣಕ ಡಿಗ್ರಿಯಿಂದ ಗುಣಿಸಲ್ಪಡುತ್ತದೆ. ಆದ್ದರಿಂದ ಡಿಗ್ರಿ 3, 3ಅ = 6, ಅ = 2.

ಇನ್ನೊಂದು ವೇಷ ಸ್ವಲ್ಪ ಕೆಟ್ಟದ್ದು. ಯ → ∞ ಆದಾಗ ಪ(ಯ)·ಪ′(ಯ)/ಯ⁵ ರ ಮಿತಿ 12. ಡಿಗ್ರಿ ನ ಆದರೆ ಗುಣಲಬ್ಧದ ಡಿಗ್ರಿ 2ನ − 1, ಆದ್ದರಿಂದ ನ = 3. ಮೊದಲ ಸಹಗುಣಕ 3ಅ² = 12. ಇಲ್ಲಿ ಅ = 2 ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಅ = −2 ಕೂಡ ಸರಿ. ಎರಡನ್ನೂ ಹಿಡಿದುಕೊಂಡು ಉಳಿದ ಷರತ್ತುಗಳು ಯಾವುದನ್ನು ಕೈಬಿಡುತ್ತವೆ ನೋಡಬೇಕು. ಎರಡೂ ಉಳಿದರೆ ಉತ್ತರ ಎರಡು.

ಒಂದು ಬಿಂದುವಿನ ಮಿತಿ: ಛೇದ ಸೊನ್ನೆಯಾದರೆ ಅಂಶವೂ ಸೊನ್ನೆ

ಇಡೀ ವಿಷಯದ ತಿರುಳು ಇಲ್ಲಿದೆ. ಯ → 1 ಆದಾಗ ಪ(ಯ)/(ಯ − 1) ರ ಮಿತಿ 5 ಎಂದುಕೊಳ್ಳಿ. ಛೇದ 0 ಕಡೆಗೆ ಹೋಗುತ್ತಿದೆ, ಆದರೂ ಭಿನ್ನರಾಶಿ 5ರ ಹತ್ತಿರ ನಿಂತಿದೆ. ಪ(ಯ) ಅನ್ನು ಹೀಗೆ ಬರೆಯಿರಿ:

ಪ(ಯ) = [ಪ(ಯ)/(ಯ − 1)] × (ಯ − 1)

ಬಲಗಡೆಯದು 5 × 0 = 0 ಕಡೆಗೆ ಹೋಗುತ್ತದೆ. ಬಹುಪದೋಕ್ತಿ ಎಲ್ಲೆಡೆ ಅವಿಚ್ಛಿನ್ನ, ಹಾಗಾಗಿ ಪ(1) = 0. ಮೊದಲ ಷರತ್ತು ಇದು. ಅಪವರ್ತನ ಪ್ರಮೇಯದ ಪ್ರಕಾರ ಪ(ಯ) = (ಯ − 1)·ಭ(ಯ). ಭಾಗಿಸಿದರೆ ಉಳಿಯುವುದು ಭ(ಯ), ಅದರ ಮಿತಿ ಭ(1) = 5. ಇದು ಎರಡನೆಯದು. ಅವಕಲನದ ಮಾತಿನಲ್ಲಿ ಹೇಳಿದರೆ ಪ′(1) = 5, ಎರಡೂ ಒಂದೇ.

ಬೋರ್ಡ್ ಪರೀಕ್ಷೆಯಲ್ಲಿ ಪ(1) = 0 ಯಾಕೆ ಎಂದು ಒಂದು ಸಾಲು ಬರೆಯುವುದು ಒಳ್ಳೆಯದು: ‘ಛೇದದ ಮಿತಿ 0, ಭಿನ್ನರಾಶಿಯ ಮಿತಿ ಪರಿಮಿತ, ಆದ್ದರಿಂದ ಅಂಶದ ಮಿತಿ 0’. ಕಾರಣ ಕೊಡದೆ ಲೋಪಿತಾಲ್ ನಿಯಮ (ಅಂಶ, ಛೇದಗಳನ್ನು ಬೇರೆಬೇರೆಯಾಗಿ ಅವಕಲಿಸಿ ಮಿತಿ ತೆಗೆಯುವುದು) ಹಾಕಿದರೆ ವಾದ ಅರೆಬರೆಯಾಗುತ್ತದೆ. ಆ ನಿಯಮ 0/0 ರೂಪಕ್ಕೆ ಅನ್ವಯಿಸುವಂಥದ್ದು. ಅಂಶ 0 ಎಂಬುದನ್ನೇ ಇನ್ನೂ ತೋರಿಸಿಲ್ಲವಲ್ಲ.

ಮೇಲಿನ ಎರಡು ಮಿತಿಗಳನ್ನು ಸೇರಿಸೋಣ. ಅನಂತದಿಂದ ಪ(ಯ) = 2ಯ³ − 3ಯ² + ಕ·ಯ + ಡ. ಪ(1) = 0 ಇಂದ 2 − 3 + ಕ + ಡ = 0, ಅಂದರೆ ಕ + ಡ = 1. ಪ′(ಯ) = 6ಯ² − 6ಯ + ಕ; ಪ′(1) = ಕ = 5. ಆದ್ದರಿಂದ ಡ = −4.

ಪ(ಯ) = 2ಯ³ − 3ಯ² + 5ಯ − 4 = (ಯ − 1)(2ಯ² − ಯ + 4)

ಕಾಣುವುದಕ್ಕೆ ಎರಡೇ ಮಿತಿ, ಒಳಗೆ ನಾಲ್ಕು ಷರತ್ತು. ಘನ ಬಹುಪದೋಕ್ತಿಗೆ ಬೇಕಾದದ್ದೂ ನಾಲ್ಕೇ.

ಅಂಶದಲ್ಲಿ ಸ್ಥಿರಸಂಖ್ಯೆ ಕಳೆದಿದ್ದರೆ ವಿಧಾನ ಬದಲಾಗದು. ಯ → 3 ಆದಾಗ (ಪ(ಯ) − 7)/(ಯ − 3) ರ ಮಿತಿ 2 ಎಂದರೆ ಪ(3) = 7, ಪ′(3) = 2. ಇದನ್ನು ಹೀಗೆ ಬರೆದಿಟ್ಟುಕೊಳ್ಳಿ:

ಪ(ಯ) = 7 + 2(ಯ − 3) + (ಯ − 3)²·ಭ(ಯ)

ಎರಡೂ ಷರತ್ತುಗಳು ಆಗಲೇ ಒಳಗೆ ಹೋದವು, ಹುಡುಕಬೇಕಾದದ್ದು ಭ(ಯ) ಮಾತ್ರ. ಡಿಗ್ರಿ 3 ಆದರೆ ಭ(ಯ) ರೇಖೀಯ, ಅಂದರೆ ಎರಡೇ ಅವ್ಯಕ್ತ. ಅದೇ ಲೆಕ್ಕವನ್ನು ಅ, ಬ, ಕ, ಡ ಇಟ್ಟುಕೊಂಡು ಮಾಡಿದರೆ 27ಅ + 9ಬ + 3ಕ + ಡ = 7 ಎಂಬಂಥ ಸಾಲುಗಳನ್ನು ಹೊತ್ತು ತಿರುಗಬೇಕು.

ಛೇದದಲ್ಲಿ ವರ್ಗವಿದ್ದರೆ, ಉದಾಹರಣೆಗೆ ಯ → 2 ಆದಾಗ ಪ(ಯ)/(ಯ − 2)² ರ ಮಿತಿ 4, ಪ(ಯ) = (ಯ − 2)²·ಭ(ಯ), ಭ(2) = 4. ಇದರಲ್ಲಿ ಮೂರು ಷರತ್ತು: ಪ(2) = 0, ಪ′(2) = 0, ಎರಡನೆಯ ಅವಕಲನ 2 × 4 = 8. ಆ 2ರ ಗುಣಕವನ್ನು ಮರೆಯುವವರು ಬಹಳ. ಭಾಗಲಬ್ಧದ ದಾರಿಯಲ್ಲಿ ಹೋದರೆ ಅದು ಬರುವುದೇ ಇಲ್ಲ, ಮರೆಯುವ ಪ್ರಶ್ನೆಯೂ ಇಲ್ಲ. ನನ್ನ ಆಯ್ಕೆ ಯಾವಾಗಲೂ ಭಾಗಲಬ್ಧ.

ಛೇದ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಉಳಿದ ಅಪವರ್ತನವನ್ನು ಬಿಡಬೇಡಿ. ಯ → 2 ಆದಾಗ ಪ(ಯ)/(ಯ² − ಯ − 2) ರ ಮಿತಿ 5 ಎನ್ನಿ. ಛೇದ (ಯ − 2)(ಯ + 1). (ಯ − 2) ಹೊಡೆದು ಹೋದ ಮೇಲೆ ಭ(2)/3 = 5, ಆದ್ದರಿಂದ ಭ(2) = 15. 5 ಅಲ್ಲ. ಮತ್ತು ಯ = −1 ರಲ್ಲಿ ಛೇದ ಸೊನ್ನೆಯಾಗುತ್ತದೆ ಎಂಬ ಕಾರಣಕ್ಕೆ ಪ(−1) = 0 ಎಂದು ಬರೆಯಬಾರದು; ಅಲ್ಲಿನ ಮಿತಿಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಬಿಂದುವಿನಲ್ಲಿ ಛೇದ ಸೊನ್ನೆಯಾಗದೇ ಇದ್ದರೆ ಮಿತಿ ಬರೀ ಬೆಲೆ: ಯ → 2 ಆದಾಗ ಪ(ಯ)/(ಯ + 1) ರ ಮಿತಿ 5 ಎಂದರೆ ಪ(2) = 15, ಒಂದೇ ಷರತ್ತು.

ಎರಡು ಬಿಂದುಗಳಲ್ಲಿ ಮಿತಿ

ಪ(ಯ) ಘನ ಬಹುಪದೋಕ್ತಿ. ಯ → 1 ಆದಾಗ ಪ(ಯ)/(ಯ − 1) ರ ಮಿತಿ −2, ಯ → 2 ಆದಾಗ ಪ(ಯ)/(ಯ − 2) ರ ಮಿತಿ 5.

ಎರಡೂ ಶೂನ್ಯತೆಗಳನ್ನು ಮೊದಲೇ ಹಾಕಿ: ಪ(ಯ) = (ಯ − 1)(ಯ − 2)(ಅ·ಯ + ಬ). ಮೊದಲ ಮಿತಿಯಲ್ಲಿ (1 − 2)(ಅ + ಬ) = −2, ಅಂದರೆ ಅ + ಬ = 2. ಎರಡನೆಯದರಲ್ಲಿ (2 − 1)(2ಅ + ಬ) = 5. ಕಳೆದರೆ ಅ = 3, ಬ = −1.

ಪ(ಯ) = (ಯ − 1)(ಯ − 2)(3ಯ − 1) = 3ಯ³ − 10ಯ² + 9ಯ − 2

ತಪ್ಪಾಗುವ ಜಾಗ (1 − 2). ಅದು −1 ಎಂಬುದನ್ನು ಬಿಟ್ಟು ಅ + ಬ = −2 ಎಂದು ಬರೆದರೆ ಅ = 7, ಬ = −9 ಬರುತ್ತದೆ. ನೋಡಲು ಅಚ್ಚುಕಟ್ಟಾದ ಪೂರ್ಣಾಂಕಗಳೇ, ಹಾಗಾಗಿ ಅನುಮಾನವೂ ಬರುವುದಿಲ್ಲ.

ಇದಕ್ಕೊಂದು ಕಣ್ಣಳತೆಯ ಪರೀಕ್ಷೆ ಇದೆ. ವಕ್ರರೇಖೆ ಅಕ್ಷವನ್ನು ಒಂದು ಬಿಂದುವಿನಲ್ಲಿ ಇಳಿಯುತ್ತಾ ದಾಟಿದರೆ ಮುಂದಿನದರಲ್ಲಿ ಏರುತ್ತಾ ದಾಟಬೇಕು. ಅಕ್ಕಪಕ್ಕದ ಸರಳ ಶೂನ್ಯತೆಗಳಲ್ಲಿ ಮಿತಿಗಳ ಚಿಹ್ನೆ ವಿರುದ್ಧ. ಇಲ್ಲಿ −2, 5, ಮೂರನೆಯ ಶೂನ್ಯತೆ 1/3, ಅದು 1 ಮತ್ತು 2ರ ನಡುವೆ ಇಲ್ಲ, ಸರಿಹೊಂದುತ್ತದೆ. ತಪ್ಪು ಉತ್ತರದಲ್ಲಿ ಮೂರನೆಯ ಶೂನ್ಯತೆ 9/7, ಅದು 1 ಮತ್ತು 2ರ ನಡುವೆ ಕೂರುತ್ತದೆ. ಹಾಗಿದ್ದರೆ ಎರಡೂ ಮಿತಿಗಳಿಗೆ ಒಂದೇ ಚಿಹ್ನೆ ಇರಬೇಕಿತ್ತು. ಅಲ್ಲಿಗೆ ತಪ್ಪು ಸಿಕ್ಕಿಬಿತ್ತು.

ಡಿಗ್ರಿ ಕೊಟ್ಟಿಲ್ಲದಿದ್ದರೆ ಈ ಉತ್ತರ ‘ಒಂದೇ’ ಅಲ್ಲ. (ಯ − 1)²(ಯ − 2)² ಇರುವ ಏನನ್ನು ಕೂಡಿಸಿದರೂ ಎರಡೂ ಮಿತಿಗಳು ಹಾಗೇ ಇರುತ್ತವೆ. ಪ್ರಶ್ನೆಯಲ್ಲಿ ‘ಕನಿಷ್ಠ ಡಿಗ್ರಿಯ’ ಎಂಬ ಮಾತಿದೆಯೇ ನೋಡಿ.

ಪರೀಕ್ಷೆಯಲ್ಲಿ ಬಂದ ಒಂದು ಲೆಕ್ಕ

2015ರ ಜೆಇಇ ಮೇನ್‌ನಲ್ಲಿ ಬಂದದ್ದು: ಪ(ಯ) ನಾಲ್ಕು ಡಿಗ್ರಿಯ ಬಹುಪದೋಕ್ತಿ, ಯ = 1 ಮತ್ತು ಯ = 2 ರಲ್ಲಿ ಅದಕ್ಕೆ ಪರಮ ಬೆಲೆಗಳಿವೆ (ಗರಿಷ್ಠ ಅಥವಾ ಕನಿಷ್ಠ); ಯ → 0 ಆದಾಗ 1 + ಪ(ಯ)/ಯ² ರ ಮಿತಿ 3. ಪ(2) ಎಷ್ಟು?

ಮೊದಲು ಆ 1 ಅನ್ನು ತೆಗೆದುಹಾಕಿ: ಪ(ಯ)/ಯ² → 2. ಆದ್ದರಿಂದ ಸ್ಥಿರಪದವೂ ಇಲ್ಲ, ಯ ಪದವೂ ಇಲ್ಲ, ಯ² ರ ಸಹಗುಣಕ 2. ಒಂದು ಮಿತಿಯಿಂದ ಮೂರು ಷರತ್ತು.

ಪ(ಯ) = ಅ·ಯ⁴ + ಬ·ಯ³ + 2ಯ²
ಪ′(ಯ) = 4ಅ·ಯ³ + 3ಬ·ಯ² + 4ಯ

ಪರಮ ಬೆಲೆಯ ಬಿಂದುಗಳಲ್ಲಿ ಪ′ ಸೊನ್ನೆ. ಪ′(1) = 0 ಇಂದ 4ಅ + 3ಬ + 4 = 0. ಪ′(2) = 0 ಇಂದ 32ಅ + 12ಬ + 8 = 0, ನಾಲ್ಕರಿಂದ ಭಾಗಿಸಿದರೆ 8ಅ + 3ಬ + 2 = 0. ಕಳೆದರೆ 4ಅ = 2, ಅ = 1/2, ಬ = −2. ಪ(2) = 8 − 16 + 8 = 0.

ಉತ್ತರ ಸೊನ್ನೆ ಬಂದಾಗ ಗಾಬರಿಯಾಗಿ ಮತ್ತೆ ಮೊದಲಿನಿಂದ ಮಾಡುವವರಿದ್ದಾರೆ. ಅಪವರ್ತಿಸಿ ನೋಡಿ: ಪ(ಯ) = ಯ²(ಯ − 2)²/2. ಯ = 2 ರಲ್ಲಿ ವಕ್ರರೇಖೆ ಅಕ್ಷವನ್ನು ಮುಟ್ಟಿ ಹಿಂದಿರುಗುತ್ತದೆ, ಅಲ್ಲಿ ಕನಿಷ್ಠ ಬೆಲೆ 0. ಲೆಕ್ಕ ಸರಿಯಾಗಿದೆ.

ಬೆಲೆಗಳಷ್ಟೇ ಇದ್ದಾಗ

ಬೆಲೆಗಳಲ್ಲಿ ಒಂದು ಕ್ರಮ ಕಂಡರೆ ಅದನ್ನು ಮೊದಲು ಕಳೆದುಬಿಡಿ. ಪ(1) = 3, ಪ(2) = 5, ಪ(3) = 7, ಮತ್ತು ಅನಂತದಲ್ಲಿ ಪ(ಯ)/ಯ³ → 4 ಎಂದು ಕೊಟ್ಟಿದ್ದಾರೆ. ಮೂರೂ ಬೆಲೆಗಳು 2ಯ + 1 ರವು. ಆದ್ದರಿಂದ ಪ(ಯ) − (2ಯ + 1) ಗೆ 1, 2, 3 ಶೂನ್ಯತೆಗಳು, ಮೊದಲ ಸಹಗುಣಕ 4:

ಪ(ಯ) = 2ಯ + 1 + 4(ಯ − 1)(ಯ − 2)(ಯ − 3)

ಪ(4) ಕೇಳಿದರೆ 9 + 24 = 33, ಪ(0) ಕೇಳಿದರೆ 1 − 24 = −23. ವಿಸ್ತರಿಸುವ ಅಗತ್ಯವೇ ಇಲ್ಲ. ಕೊನೆಗೆ ಕೇಳಿರುವುದು ಒಂದು ಬೆಲೆ ಮಾತ್ರ ಆಗಿದ್ದರೆ ಬಹುಪದೋಕ್ತಿಯನ್ನು ಬಿಡಿಸಿ ಬರೆಯುವುದು ವ್ಯರ್ಥ ಶ್ರಮ.

ಕ್ರಮ ಕಾಣದಿದ್ದರೆ, ಬಿಂದುಗಳು ಸಮದೂರದಲ್ಲಿದ್ದರೆ, ವ್ಯತ್ಯಾಸಗಳ ಪಟ್ಟಿ ಮಾಡಿ. ಪ(0) = 1, ಪ(1) = 3, ಪ(2) = 11, ಪ(3) = 31, ಡಿಗ್ರಿ 3. ಮೊದಲ ವ್ಯತ್ಯಾಸಗಳು 2, 8, 20. ಎರಡನೆಯವು 6, 12. ಮೂರನೆಯದು 6. ಪ್ರತಿ ಸಾಲಿನ ಮೊದಲ ಸಂಖ್ಯೆ ಮಾತ್ರ ಬೇಕು: 1, 2, 6, 6. ಅವುಗಳನ್ನು ಕ್ರಮವಾಗಿ 1, ಯ, ಯ(ಯ − 1)/2, ಯ(ಯ − 1)(ಯ − 2)/6 ರಿಂದ ಗುಣಿಸಿ ಕೂಡಿದರೆ

1 + 2ಯ + 3ಯ(ಯ − 1) + ಯ(ಯ − 1)(ಯ − 2) = ಯ³ + ಯ + 1

ಇದಕ್ಕೆ ನ್ಯೂಟನ್ ಹೆಸರು ಅಂಟಿಕೊಂಡಿದೆ. ಎರಡನೆಯ ವ್ಯತ್ಯಾಸದವರೆಗೆ ಹೋಗುವ ಇಂಥ ಲೆಕ್ಕವನ್ನು ಬ್ರಹ್ಮಗುಪ್ತ 665ರ ಖಂಡಖಾದ್ಯಕದಲ್ಲಿ ಜ್ಯಾ (ಸೈನ್) ಕೋಷ್ಟಕದ ನಡುವಿನ ಬೆಲೆಗಳನ್ನು ತೆಗೆಯಲು ಬಳಸಿದ್ದ. ಬಿಂದುಗಳು ಸಮದೂರದಲ್ಲಿಲ್ಲದಿದ್ದರೆ ಈ ಪಟ್ಟಿ ನಡೆಯದು. ಪ್ರತಿ ವ್ಯತ್ಯಾಸವನ್ನೂ ಬಿಂದುಗಳ ಅಂತರದಿಂದ ಭಾಗಿಸುತ್ತಾ ಹೋಗಬೇಕು.

ಷರತ್ತುಗಳೇ ಜಗಳವಾಡಿದರೆ

ಪ(2) = 3 ಎಂದೂ, ಯ → 2 ಆದಾಗ ಪ(ಯ)/(ಯ − 2) ಗೆ ಪರಿಮಿತ ಮಿತಿ ಇದೆ ಎಂದೂ ಕೊಟ್ಟರೆ ಅಂಥ ಬಹುಪದೋಕ್ತಿಯೇ ಇಲ್ಲ. ಪ(2) = 0 ಎಂದು ಕೊಟ್ಟಿದ್ದರೆ ಅದು ಮಿತಿಯೊಳಗೆ ಆಗಲೇ ಇದ್ದ ಮಾತು, ಹೊಸ ಷರತ್ತು ಎಂದು ಎಣಿಸಬಾರದು. ಪ(−ಯ) = ಪ(ಯ) ಎಂದು ಹೇಳಿದ್ದರೆ ಬೆಸ ಘಾತಗಳೆಲ್ಲ ಹೋದವು, ಜೊತೆಗೆ ಯ = 1 ರ ಮಾಹಿತಿ ಯ = −1 ಕ್ಕೂ ದಕ್ಕುತ್ತದೆ. ಉದಾಹರಣೆಗೆ ಅಂಥ ನಾಲ್ಕು ಡಿಗ್ರಿಯ ಪ(ಯ) ಗೆ ಪ(0) = 1, ಯ → 1 ಆದಾಗ ಪ(ಯ)/(ಯ − 1) ರ ಮಿತಿ 6 ಇದ್ದರೆ, ಪ(ಯ) = (ಯ² − 1)(ಅ·ಯ² + ಬ), 2(ಅ + ಬ) = 6, −ಬ = 1. ಉತ್ತರ (ಯ² − 1)(4ಯ² − 1).

ತಾಳೆ ನೋಡುವುದು

ಬಂದ ಉತ್ತರವನ್ನು ಬಿಂದುವಿನ ತೀರಾ ಹತ್ತಿರ ಒಂದು ಕಡೆ, ತೀರಾ ದೂರ ಒಂದು ಕಡೆ ಪರೀಕ್ಷಿಸಿ. 2ಯ³ − 3ಯ² + 5ಯ − 4 ನಲ್ಲಿ ಯ = 1.001 ಹಾಕಿದರೆ 0.005003002, 0.001 ರಿಂದ ಭಾಗಿಸಿದರೆ 5.003, ಬೇಕಾದ 5ರ ಪಕ್ಕದಲ್ಲೇ. ಯ = 1000 ಹಾಕಿ (ಪ(ಯ) − 2ಯ³)/(ಯ² + 1) ತೆಗೆದರೆ ಸುಮಾರು −2.995. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ ಸಂಶ್ಲೇಷಿತ ಭಾಗಾಕಾರ (ಸಹಗುಣಕಗಳನ್ನಷ್ಟೇ ಬರೆದುಕೊಂಡು ಯ − 1 ರಿಂದ ಭಾಗಿಸುವುದು) ಸಾಕು: 2, −3, 5, −4 ಅನ್ನು 1 ರಿಂದ ಇಳಿಸಿದರೆ 2, −1, 4, ಶೇಷ 0, ಭಾಗಲಬ್ಧವನ್ನು ಇನ್ನೊಮ್ಮೆ 1 ರಿಂದ ಇಳಿಸಿದರೆ 2, 1, ಶೇಷ 5. ಮೊದಲ ಶೇಷ ಪ(1), ಎರಡನೆಯದು ಮಿತಿ.

ಕೈಪಳಗಲು ಎರಡು ಲೆಕ್ಕ. ಪ(ಯ) ಘನ, ಯ → 0 ಆದಾಗ (ಪ(ಯ) − 1)/ಯ ಮಿತಿ 2, ಯ → 1 ಆದಾಗ (ಪ(ಯ) − 4)/(ಯ − 1) ಮಿತಿ 6. ಉತ್ತರ 2ಯ³ − ಯ² + 2ಯ + 1. ಎರಡನೆಯದು: ಯ → 1 ಆದಾಗ ಪ(ಯ)/(ಯ − 1) ಮಿತಿ 2, ಯ → 3 ಆದಾಗ ಪ(ಯ)/(ಯ − 3) ಮಿತಿ 4. ಇದಕ್ಕೆ ವರ್ಗ ಬಹುಪದೋಕ್ತಿ ಇಲ್ಲ ಎಂದು ತೋರಿಸಿ, ಕನಿಷ್ಠ ಡಿಗ್ರಿಯದನ್ನು ಹುಡುಕಿ. ಎರಡೂ ಮಿತಿಗಳು ಧನ, ಹಾಗಾಗಿ 1 ಮತ್ತು 3ರ ನಡುವೆ ಇನ್ನೊಂದು ಶೂನ್ಯತೆ ಇರಲೇಬೇಕು. ಅದು 5/3, ಉತ್ತರ (ಯ − 1)(ಯ − 3)(3ಯ − 5)/2.